ನೆಟ್ ಇಲ್ಲದ ಶಿಬಿರದಲ್ಲಿ ಡಿಜಿಟಲ್ ರೋಗಿ ದಾಖಲೆ: ಕೈಪಟ್ಟಿಯಿಂದ ಬ್ಯಾಕಪ್‌ವರೆಗೆ

ವಿಕೋಪದ ಜಾಗದಲ್ಲಿ ಡೇರೆ ಹಾಕಿ ಚಿಕಿತ್ಸೆ ಶುರುಮಾಡುವ ತಂಡಕ್ಕೆ ದಾಖಲೆ ಬೇಕಾಗುವುದು ಮುಖ್ಯವಾಗಿ ಒಂದು ಕಾರಣಕ್ಕೆ: ಹಗಲು ಪಾಳಿಯವರು ಏನು ಮಾಡಿದರು ಎಂಬುದು ರಾತ್ರಿ ಪಾಳಿಗೆ ಬಂದವರಿಗೆ ತಿಳಿಯಬೇಕು. ಯಾವ ಔಷಧಿ ಕೊಟ್ಟರು, ಎಷ್ಟು, ಎಷ್ಟು ಹೊತ್ತಿಗೆ; ಯಾವ ಔಷಧಿ ಇವರಿಗೆ ಒಗ್ಗುವುದಿಲ್ಲ; ಗಾಯದ ಬ್ಯಾಂಡೇಜ್ ಮತ್ತೆ ಯಾವಾಗ ಬಿಚ್ಚಿ ನೋಡಬೇಕು. ಅಂಕಿಅಂಶ, ವರದಿ, ಸಂಶೋಧನೆ ಎಲ್ಲವೂ ಇದರ ನಂತರದ ಮಾತು. ಟ್ಯಾಬ್ಲೆಟ್, ಸರ್ವರ್, ಸಾಫ್ಟ್‌ವೇರ್ ಆರಿಸುವಾಗ ಈ ಒಂದು ಕೆಲಸಕ್ಕೆ ನೆರವಾಗದ್ದನ್ನು ಧೈರ್ಯವಾಗಿ ಬಿಟ್ಟುಬಿಡಿ.

"ನೆಟ್ ಬಂದ ಮೇಲೆ ಸರಿಹೋಗುತ್ತದೆ" ಎಂಬ ಲೆಕ್ಕದಲ್ಲಿ ಕಟ್ಟಿದ ವ್ಯವಸ್ಥೆ ಮೊದಲ ದಿನವೇ ಕೈಕೊಡುತ್ತದೆ. ನೆಟ್ ಬರುವುದೇ ಇಲ್ಲ ಎಂದುಕೊಂಡೇ ಕಟ್ಟಿ. ಬಂದರೆ ಒಳ್ಳೆಯದಾಯಿತು.

ಹೊರಡುವ ಮೊದಲು ಮಾಡುವ ಪರೀಕ್ಷೆ

"ಆಫ್‌ಲೈನ್‌ನಲ್ಲೂ ನಡೆಯುತ್ತದೆ" ಎಂದು ಬರೆದುಕೊಂಡಿರುವ ಎಷ್ಟೋ ಸಾಫ್ಟ್‌ವೇರ್‌ಗಳು ನಡೆಯುವುದು ಮೊದಲ ಕೆಲವು ಗಂಟೆ ಮಾತ್ರ. ಲಾಗಿನ್ ಟೋಕನ್, ಅಂದರೆ ಒಳಬಂದವರಿಗೆ ಸಿಗುವ ತಾತ್ಕಾಲಿಕ ಪರವಾನಗಿಯ ಅವಧಿ ಮುಗಿದಾಗ ಅವು ಹೊರಗಿನ ಸರ್ವರನ್ನು ಕೇಳುತ್ತವೆ, ಉತ್ತರ ಸಿಗದೆ ಬಾಗಿಲು ಮುಚ್ಚಿಕೊಳ್ಳುತ್ತವೆ. ಕೆಲವದರ ಪುಟದಲ್ಲಿನ ಒಂದು ಅಕ್ಷರವಿನ್ಯಾಸವೋ ಸಣ್ಣ ಸ್ಕ್ರಿಪ್ಟೋ ಅಂತರ್ಜಾಲದಿಂದ ಬರುತ್ತಿರುತ್ತದೆ. ಅದು ಬಾರದಿದ್ದರೆ ಪರದೆ ಬಿಳಿಯಾಗಿಯೇ ನಿಲ್ಲುತ್ತದೆ. ಲೈಸೆನ್ಸ್ ತಪಾಸಣೆ, ಟ್ಯಾಬ್ಲೆಟ್ ನಿರ್ವಹಣೆಯ ಆ್ಯಪ್, ಭೂಪಟ ಇವೆಲ್ಲ ಇದೇ ಜಾತಿಯವು.

ಆದ್ದರಿಂದ ರೌಟರ್‌ನ ಹೊರಸಂಪರ್ಕದ ಕೇಬಲ್ ಕಿತ್ತು, ಟ್ಯಾಬ್ಲೆಟ್‌ಗಳ ಸಿಮ್ ತೆಗೆದು, ಪೂರ್ತಿ 72 ಗಂಟೆ ಕೆಲಸ ಮಾಡಿ ನೋಡಿ. ನಡುವೆ ಎರಡು ಸಲ ಎಲ್ಲವನ್ನೂ ಆರಿಸಿ ಮತ್ತೆ ಹಚ್ಚಿ. ಒಂದು ಟ್ಯಾಬ್ಲೆಟ್‌ನ ಬ್ಯಾಟರಿ ಸೊನ್ನೆಗೆ ಇಳಿಯಲಿ. ಒಬ್ಬ ಬಳಕೆದಾರರು ಲಾಗ್‌ಔಟ್ ಆಗಿ ಮತ್ತೆ ಒಳಬರಲಿ, ಹೊಸಬರೊಬ್ಬರಿಗೆ ಖಾತೆ ತೆರೆಯಿರಿ. ಇಷ್ಟರಲ್ಲಿ ಒಂದು ಕಡೆ ಸಿಕ್ಕಿಕೊಂಡರೂ ಅದನ್ನು ಸರಿಪಡಿಸದೆ ಪೆಟ್ಟಿಗೆ ಕಟ್ಟಬೇಡಿ.

ಆಂಡ್ರಾಯ್ಡ್‌ನಲ್ಲಿ ಇನ್ನೊಂದು ತೊಡಕಿದೆ. ವೈಫೈ ಸಿಕ್ಕಿದೆ, ಅದರಲ್ಲಿ ಇಂಟರ್ನೆಟ್ ಇಲ್ಲ ಎಂದು ಗೊತ್ತಾದರೆ ಅದು ತಾನಾಗಿ ಆ ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಹಾರಬಹುದು. ಬಳಸುವವರಿಗೆ ಕಾಣುವುದು "ಸರ್ವರ್ ಸಿಗುತ್ತಿಲ್ಲ" ಎಂಬುದಷ್ಟೇ. ಮೊಬೈಲ್ ಡೇಟಾ ಮುಚ್ಚಿ, ಮೊದಲ ಸಲ ಸೇರುವಾಗ "ಇಂಟರ್ನೆಟ್ ಇಲ್ಲದಿದ್ದರೂ ಇದೇ ಸಂಪರ್ಕದಲ್ಲಿರು" ಎಂಬ ಆಯ್ಕೆ ಒತ್ತಿ, ಮುಂದೆ ಕೇಳಬಾರದು ಎಂದು ಗುರುತು ಹಾಕಿ. ಪ್ರತಿ ಟ್ಯಾಬ್ಲೆಟ್‌ನಲ್ಲೂ ಇದನ್ನು ಕೈಯಾರೆ ಮಾಡಬೇಕು.

ಸಂಖ್ಯೆ ಯಂತ್ರದಿಂದ ಹುಟ್ಟಬಾರದು

ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಸರ್ವರ್ ಕೆಟ್ಟರೆ ಬದಲಿ ಇಡಬಹುದು; ರೋಗಿ ಅದಲುಬದಲಾದರೆ ಜೀವ ಹೋಗುತ್ತದೆ.

ವಿಕೋಪದಲ್ಲಿ ಹೆಸರು ನಂಬಲಾಗದ ಗುರುತು. ಪ್ರಜ್ಞೆ ಇಲ್ಲದವರು ಬರುತ್ತಾರೆ, ಹೆಸರು ಹೇಳಲಾಗದ ಮಕ್ಕಳು ಬರುತ್ತಾರೆ, ಒಂದೇ ಹೆಸರಿನ ನಾಲ್ವರು ಒಂದೇ ಬೆಳಗ್ಗೆ ಬರುತ್ತಾರೆ. ಒಬ್ಬರೇ ಬರೆದರೂ ಇವತ್ತಿನ ಕಾಗುಣಿತ ನಾಳೆಗೆ ಹೊಂದುವುದಿಲ್ಲ. ರೋಗಿಯ ಗುರುತು ಎಂದರೆ ಅವರ ಕೈಯಲ್ಲಿರುವ ಪಟ್ಟಿಯ ಸಂಖ್ಯೆಯೇ. ಆ ಸಂಖ್ಯೆ ಸರ್ವರ್ ಕೊಡುವಂಥದ್ದಾದರೆ ಸರ್ವರ್ ನಿಂತಾಗ ನೋಂದಣಿಯೂ ನಿಲ್ಲುತ್ತದೆ. ಅದಕ್ಕೇ ಹೊರಡುವ ಮೊದಲೇ ಕೈಪಟ್ಟಿಗಳನ್ನು ಸಂಖ್ಯೆ ಸಮೇತ ಮುದ್ರಿಸಿ ಸುರುಳಿ ಮಾಡಿ ಒಯ್ಯಿರಿ. ನೋಂದಣಿ ಮೇಜಿನವರು ಸುರುಳಿಯಿಂದ ಮುಂದಿನ ಪಟ್ಟಿ ಹರಿದು ಕಟ್ಟುತ್ತಾರೆ. ಯಂತ್ರ ಅದನ್ನು ಓದಿಕೊಳ್ಳುತ್ತದೆ. ಯಂತ್ರ ನಿಂತಿದ್ದರೆ ಅದೇ ಸಂಖ್ಯೆಯನ್ನು ಕಾಗದದ ಮೇಲೆ ಬರೆಯುತ್ತಾರೆ. ಕಾಗದಕ್ಕೂ ಕಂಪ್ಯೂಟರಿಗೂ ಒಂದೇ ಸಂಖ್ಯೆ ಇರುವುದರಿಂದ ಆಮೇಲೆ ಕೂಡಿಸುವುದು ಸುಲಭ.

ಐದು ಅಂಕಿ, ಕೊನೆಗೆ ತಪ್ಪು ಹಿಡಿಯಲು ಒಂದು ತಾಳೆ ಅಂಕಿ ಸಾಕು. ಮೊದಲ ಅಂಕಿ ತಂಡದ್ದು, ಉಳಿದ ನಾಲ್ಕು ಪಟ್ಟಿಯ ಕ್ರಮಸಂಖ್ಯೆ. ಎರಡನೇ ತಂಡದ 417ನೇ ಪಟ್ಟಿ 20417. ತಾಳೆ ಅಂಕಿಗೆ ಲುನ್ ವಿಧಾನ ಹಿಡಿದರೆ, ಬಲತುದಿಯಿಂದ ಶುರುಮಾಡಿ ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿಸಿ. 7 ಇಮ್ಮಡಿಯಾಗಿ 14, ಅದರ ಅಂಕಿ ಕೂಡಿದರೆ 5, 1 ಹಾಗೇ, 4 ಆಗುತ್ತದೆ 8, 0 ಹಾಗೇ, 2 ಆಗುತ್ತದೆ 4. ಮೊತ್ತ 18. ಮುಂದಿನ ಹತ್ತರ ಗುಣಕ 20 ಮುಟ್ಟಲು 2 ಬೇಕು, ಆದ್ದರಿಂದ ಪಟ್ಟಿಯ ಮೇಲೆ 20417-2. ಯಾರಾದರೂ ಅವಸರದಲ್ಲಿ 20471-2 ಎಂದು ಒತ್ತಿದರೆ ಲೆಕ್ಕಕ್ಕೆ ತಾಳೆಯಾಗುವುದು 9, ಹಾಗಾಗಿ ಪರದೆ ಅದನ್ನು ಒಪ್ಪುವುದಿಲ್ಲ. ಪಕ್ಕಪಕ್ಕದ ಅಂಕಿಗಳ ಅದಲುಬದಲಿನಲ್ಲಿ ಲುನ್ ವಿಧಾನ 09 ಮತ್ತು 90 ಅದಲುಬದಲಾದದ್ದನ್ನು ಮಾತ್ರ ಹಿಡಿಯುವುದಿಲ್ಲ. ಅದೂ ಬೇಕೆಂದರೆ ವೆರ್‌ಹೋಫ್ ಅಥವಾ ಡ್ಯಾಮ್ ವಿಧಾನ ಹಾಕಿ. ಕೈಲೆಕ್ಕ ಕಷ್ಟವಾದರೂ ಯಂತ್ರಕ್ಕೆ ಎಲ್ಲವೂ ಒಂದೇ.

ಪಟ್ಟಿಯ ಕ್ಯೂಆರ್ ಕೋಡ್‌ನಲ್ಲಿ ಈ ಆರು ಅಂಕಿ ಮಾತ್ರ ಇರಲಿ, ಹೆಸರು ಬೇಡ, ರೋಗ ಅಂತೂ ಬೇಡವೇ ಬೇಡ. ಆರು ಅಂಕಿಗೆ ಅತಿ ಚಿಕ್ಕ ಕ್ಯೂಆರ್, ಅಂದರೆ 21 ಸಾಲು 21 ಕಂಬದ್ದು, ಅತಿ ಹೆಚ್ಚಿನ ದೋಷ ತಿದ್ದುವ ಮಟ್ಟದಲ್ಲೂ ಸಾಕಾಗುತ್ತದೆ. ಚಿಕ್ಕದಾದಷ್ಟೂ ಮಣಿಕಟ್ಟಿನ ಸುತ್ತು ಬಾಗಿದಾಗ ಓದಲು ಸಲೀಸು. ಬಿಸಿಗೆ ಕಪ್ಪಾಗುವ ಥರ್ಮಲ್ ಕಾಗದ ಬಿಸಿಲಿಗೆ, ಸ್ಯಾನಿಟೈಸರ್‌ಗೆ ಮಾಸಿಹೋಗುತ್ತದೆ. ರಿಬ್ಬನ್ ಬಳಸಿ ಮುದ್ರಿಸಿದ ಪ್ಲಾಸ್ಟಿಕ್ ಪಟ್ಟಿ ತೆಗೆದುಕೊಳ್ಳಿ. ಸುಟ್ಟ, ಜಜ್ಜಿದ, ಊದಿಕೊಳ್ಳುವ ಕೈಗೆ ಕಟ್ಟಬೇಡಿ. ಕತ್ತರಿಸಬೇಕಾಗಬಹುದಾದ ಅಂಗಕ್ಕೂ ಬೇಡ. ಬಟ್ಟೆಗೆ ಸಿಕ್ಕಿಸಿದ ಗುರುತು ಬಟ್ಟೆ ಕತ್ತರಿಸಿದಾಗ ಬಟ್ಟೆಯ ಜೊತೆಗೇ ಹೋಗುತ್ತದೆ.

ಗುರುತು ಸಿಗದವರ ಹೆಸರಿನ ಜಾಗದಲ್ಲಿ "ಅಪರಿಚಿತ 1", "ಅಪರಿಚಿತ 2" ಎಂದು ಬರೆಯುವ ಅಭ್ಯಾಸ ಅಪಾಯದ್ದು, ಎರಡು ಮೇಜಿನಲ್ಲಿ ಇಬ್ಬರು "ಅಪರಿಚಿತ 1" ಹುಟ್ಟುತ್ತಾರೆ. "ಅಪರಿಚಿತ 20417" ಎನ್ನಿ. ಜನ್ಮದಿನಾಂಕ ತಿಳಿಯದಿದ್ದರೆ ಅಂದಾಜು ವಯಸ್ಸು ಬರೆದು "ಅಂದಾಜು" ಎಂಬ ಗುರುತು ಹಾಕಿ. ತಂತ್ರಾಂಶ ಜನವರಿ 1 ಎಂದು ತಾನೇ ತುಂಬಿ ಸುಮ್ಮನಾದರೆ ಮಗುವಿನ ಔಷಧಿ ಪ್ರಮಾಣದ ಲೆಕ್ಕ ಆ ಸುಳ್ಳಿನ ಮೇಲೆ ನಿಲ್ಲುತ್ತದೆ. ಮಕ್ಕಳಿಗೆ ವಯಸ್ಸಿಗಿಂತ ತೂಕ ಮುಖ್ಯ. ತೂಕವಿಲ್ಲದೆ ಮಗುವಿನ ಔಷಧಿ ಪರದೆ ತೆರೆಯದಂತೆ ಮಾಡಿ.

ಸರ್ವರ್, ವೈಫೈ, ಗಡಿಯಾರ

ಒಂದೇ ಜಾಗದಲ್ಲಿ ನಿಂತಿರುವ ಶಿಬಿರಕ್ಕೆ ಒಂದು ಸ್ಥಳೀಯ ಸರ್ವರ್, ಬ್ರೌಸರ್‌ನಿಂದ ಅದನ್ನು ತೆರೆಯುವ ಟ್ಯಾಬ್ಲೆಟ್‌ಗಳು, ನಡುವೆ ಒಂದು ರೌಟರ್. ಇದೇ ಸರಳ, ಇದೇ ಗಟ್ಟಿ. ಮಾಹಿತಿ ಒಂದೇ ಕಡೆ ಇರುವುದರಿಂದ ಎರಡು ಪ್ರತಿಗಳ ತಿಕ್ಕಾಟವೇ ಬರುವುದಿಲ್ಲ. ಊರೂರು ತಿರುಗುವ ತಂಡವಿದ್ದರೆ ಮಾತ್ರ ಪ್ರತಿ ಟ್ಯಾಬ್ಲೆಟ್‌ನಲ್ಲೂ ಮಾಹಿತಿ ಇಟ್ಟುಕೊಂಡು ಆಮೇಲೆ ಸಿಂಕ್ ಮಾಡುವ, ಅಂದರೆ ಪ್ರತಿಗಳನ್ನು ಕೂಡಿಸಿ ಒಂದಾಗಿಸುವ, ದಾರಿ ಹಿಡಿಯಿರಿ. ಅಗತ್ಯವಿಲ್ಲದೆ ಅದಕ್ಕೆ ಕೈಹಾಕಬೇಡಿ.

ಓಪನ್‌ಎಂಆರ್‌ಎಸ್‌ನಂಥ ಮುಕ್ತ ರೋಗಿ ದಾಖಲೆ ತಂತ್ರಾಂಶವನ್ನು ಹೀಗೆ ಸಣ್ಣ ಯಂತ್ರದ ಮೇಲೆ ನಡೆಸಬಹುದು. 2014ರ ಎಬೋಲಾ ಹಾವಳಿಯ ಕಾಲದಲ್ಲಿ ಗೂಗಲ್‌ನವರೂ ಗಡಿರಹಿತ ವೈದ್ಯರ ಸಂಸ್ಥೆಯೂ ಸೇರಿ ರೂಪಿಸಿದ ಬುಯೆಂಡಿಯಾ ಎಂಬ ವ್ಯವಸ್ಥೆ ಇದೇ ತಂತ್ರಾಂಶವನ್ನು ಇಂಟೆಲ್ ಎಡಿಸನ್ ಎಂಬ ಪುಟ್ಟ ಫಲಕದ ಮೇಲೆ ಬ್ಯಾಟರಿಯಿಂದ ಓಡಿಸಿತು. ಸೋಂಕಿನ ವಲಯದೊಳಗಿನ ಕಾಗದ ಹೊರಗೆ ತರುವಂತಿರಲಿಲ್ಲ. ಅದಕ್ಕೇ ಟ್ಯಾಬ್ಲೆಟನ್ನು ಪಾಲಿಕಾರ್ಬೊನೇಟ್ ಕವಚದಲ್ಲಿಟ್ಟು 0.5 ಶೇಕಡಾ ಕ್ಲೋರಿನ್ ದ್ರಾವಣದಲ್ಲಿ ಮುಳುಗಿಸಲು ಬರುವಂತೆ ಮಾಡಿದ್ದರು. ಸೋಂಕು ಹರಡುವ ರೋಗ ಎದುರಿದ್ದರೆ ಕವಚದ ಪ್ರಶ್ನೆಯನ್ನು ಮೊದಲೇ ಬಗೆಹರಿಸಿಕೊಳ್ಳಿ. ಸಾಮಾನ್ಯ ಟ್ಯಾಬ್ಲೆಟ್ ದಿನಕ್ಕೆ ಹತ್ತು ಸಲ ಕ್ಲೋರಿನ್ ಒರೆಸುವುದನ್ನು ತಾಳುವುದಿಲ್ಲ.

ಇಂದಿಗೆ 8 ಜಿಬಿ ಮೆಮೊರಿಯ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಅಥವಾ ಒಂದು ಮಿನಿ ಪಿಸಿ ಸಾಕು. ಪೈ ಆದರೆ ಮಾಹಿತಿಯನ್ನು ಎಸ್‌ಡಿ ಕಾರ್ಡಿನಲ್ಲಿ ಇಡಬೇಡಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡ್ ಕೆಡುತ್ತದೆ, ಡೇರೆಯಲ್ಲಿ ಕರೆಂಟ್ ಹೋಗುವುದು ದಿನನಿತ್ಯದ ಮಾತು. ಯುಎಸ್‌ಬಿ ಮೂಲಕ ಎಸ್‌ಎಸ್‌ಡಿ ಹಾಕಿ. ಪೈ 4ಕ್ಕೆ 5 ವೋಲ್ಟ್ 3 ಆಂಪಿಯರ್ ಬೇಕು, ಪೈ 5ಕ್ಕೆ 5 ಆಂಪಿಯರ್ ಪೂರೈಕೆ ಹೇಳಿದ್ದಾರೆ. ಉದ್ದನೆಯ ತೆಳು ಕೇಬಲ್‌ನಲ್ಲಿ ವೋಲ್ಟೇಜ್ ಕುಸಿದು ಯಂತ್ರ ಕಾರಣ ಹೇಳದೆ ಮತ್ತೆ ಮತ್ತೆ ಶುರುವಾಗುತ್ತಿದ್ದರೆ ತಂತ್ರಾಂಶವನ್ನು ಅನುಮಾನಿಸುವ ಮೊದಲು ಕೇಬಲ್ ಬದಲಿಸಿ. ಇನ್ನೊಂದು ತದ್ರೂಪಿ ಯಂತ್ರ, ಅದೇ ತಂತ್ರಾಂಶ ಹಾಕಿ, ಬೇರೆ ಪೆಟ್ಟಿಗೆಯಲ್ಲಿ ಬರಲಿ.

ವೈಫೈಗೆ ಒದ್ದೆ ಟಾರ್ಪಾಲು, ತಗಡು, ಜನಜಂಗುಳಿ ಮೂರೂ ಅಡ್ಡಿ. ರೌಟರನ್ನು ಮೇಜಿನ ಕೆಳಗಿಡದೆ ಕಂಬಕ್ಕೆ ಮೂರು ಮೀಟರ್ ಎತ್ತರದಲ್ಲಿ ಕಟ್ಟಿ. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11ನೇ ಚಾನೆಲ್‌ಗಳಲ್ಲಿ ಒಂದನ್ನು ನೀವೇ ಆರಿಸಿ. ಪಕ್ಕದ ತಂಡಕ್ಕೂ ಮೊದಲೇ ತಿಳಿಸಿ, ಇಬ್ಬರೂ ಒಂದೇ ಚಾನೆಲ್‌ನಲ್ಲಿ ಕೂಗಾಡುವುದು ಬೇಡ.

ಬ್ರೌಸರ್‌ಗಳು ಸುರಕ್ಷಿತ ಸಂಪರ್ಕವಿಲ್ಲದ ಪುಟಕ್ಕೆ ಕ್ಯಾಮೆರಾ ಬಿಟ್ಟುಕೊಡುವುದಿಲ್ಲ, ಹಾಗಾಗಿ ಕ್ಯೂಆರ್ ಓದುವುದು ನಿಲ್ಲುತ್ತದೆ. ನಿಮ್ಮದೇ ಡಿಜಿಟಲ್ ಪ್ರಮಾಣಪತ್ರ (ಸರ್ವರನ್ನು ನಂಬಬಹುದು ಎಂದು ಬ್ರೌಸರ್‌ಗೆ ತೋರಿಸುವ ಕಡತ) ಮಾಡಿ ಎಲ್ಲ ಟ್ಯಾಬ್ಲೆಟ್‌ಗೂ ಮೊದಲೇ ಹಾಕಿಡಿ. ಇಲ್ಲಿಯೇ ಗಡಿಯಾರ ನಡುವೆ ಬರುತ್ತದೆ. ಪೂರ್ತಿ ಬರಿದಾದ ಟ್ಯಾಬ್ಲೆಟ್ ಕೆಲವೊಮ್ಮೆ ಹಳೆಯ ತಾರೀಖಿನೊಂದಿಗೆ ಎದ್ದೇಳುತ್ತದೆ, "ಈ ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲ" ಎಂದು ಸರ್ವರನ್ನೇ ದೂರ ಇಡುತ್ತದೆ. ಪೈ 4ರಲ್ಲಂತೂ ಗಡಿಯಾರದ ಚಿಪ್ಪೇ ಇಲ್ಲ, ನೆಟ್ ಇಲ್ಲದಿದ್ದರೆ ಯಂತ್ರ ಆರಿದ ಹೊತ್ತಿನಿಂದಲೇ ಮತ್ತೆ ಎಣಿಸತೊಡಗುತ್ತದೆ. ರಾತ್ರಿ 2ಕ್ಕೆ ಕೊಟ್ಟ ಚುಚ್ಚುಮದ್ದು ಸಂಜೆ 7ರದೆಂದು ದಾಖಲಾದರೆ ಮುಂದಿನ ಡೋಸ್ ಅವಧಿಗೆ ಮುಂಚೆಯೇ ಬೀಳುತ್ತದೆ. ಡಿಎಸ್3231 ಗಡಿಯಾರ ಮಾಡ್ಯೂಲ್ ಬಟನ್ ಸೆಲ್ ಸಮೇತ ಜೋಡಿಸಿ. ಪೈ 5ರಲ್ಲಿ ಗಡಿಯಾರ ಇದ್ದರೂ ಅದರ ಸೆಲ್ ಬೇರೆ ಕೊಳ್ಳಬೇಕು. ಪ್ರತಿ ಪಾಳಿಯ ಆರಂಭದಲ್ಲಿ ಒಬ್ಬರು ಕೈಗಡಿಯಾರ ಹಿಡಿದು ಸರ್ವರ್‌ನದ್ದನ್ನೂ ಟ್ಯಾಬ್ಲೆಟ್‌ಗಳದ್ದನ್ನೂ ನೋಡಲಿ.

ವಿದ್ಯುತ್ತಿನ ಲೆಕ್ಕ

ಆರು ಟ್ಯಾಬ್ಲೆಟ್, ಒಂದು ಪೈ, ಒಂದು ರೌಟರ್, ಒಂದು ಸಣ್ಣ ಪ್ರಿಂಟರ್ ಎಂದಿಟ್ಟುಕೊಳ್ಳಿ. ಟ್ಯಾಬ್ಲೆಟ್ ಒಂದಕ್ಕೆ ದಿನಕ್ಕೊಂದು ಪೂರ್ತಿ ಚಾರ್ಜ್, ನಷ್ಟ ಸೇರಿ ಸುಮಾರು 25 ವ್ಯಾಟ್‌ಅವರ್, ಆರಕ್ಕೆ 150. ಸರ್ವರ್ 6 ವ್ಯಾಟ್‌ನಂತೆ 24 ಗಂಟೆಗೆ 144. ರೌಟರ್ 5 ವ್ಯಾಟ್‌ನಂತೆ 120. ಪ್ರಿಂಟರ್‌ಗೆ 20. ಒಟ್ಟು ದಿನಕ್ಕೆ 434. ಬಿಸಿಲಿಲ್ಲದ ಎರಡು ದಿನ ತಳ್ಳಬೇಕು, ಬ್ಯಾಟರಿಯ 80 ಶೇಕಡಾ ಮಾತ್ರ ಬಳಸಬೇಕು ಎಂದರೆ ಸುಮಾರು 1,085 ವ್ಯಾಟ್‌ಅವರ್ ಬೇಕು. 12.8 ವೋಲ್ಟ್ 100 ಆಂಪಿಯರ್‌ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 1,280 ಕೊಡುತ್ತದೆ. 200 ವ್ಯಾಟ್ ಸೌರ ಫಲಕ ನಾಲ್ಕೂವರೆ ಗಂಟೆ ಒಳ್ಳೆಯ ಬಿಸಿಲಿಗೆ, ನಷ್ಟ ಕಳೆದು, ಸುಮಾರು 630 ತುಂಬುತ್ತದೆ. ಚಂಡಮಾರುತದ ಮರುದಿನ ಆ ಬಿಸಿಲು ಇರುವುದಿಲ್ಲ. ಜನರೇಟರಿನಿಂದಲೂ ತುಂಬಲು ಬರುವ ಚಾರ್ಜರ್ ಜೊತೆಗಿರಲಿ.

ಬ್ಯಾಟರಿಯಿಂದ ಇನ್ವರ್ಟರ್, ಇನ್ವರ್ಟರ್‌ನಿಂದ ಚಾರ್ಜರ್ ಎಂಬ ಸುತ್ತುದಾರಿ ಬಿಡಿ. ಸಣ್ಣ ಇನ್ವರ್ಟರ್ ಏನೂ ಕೆಲಸವಿಲ್ಲದೆಯೇ 10 ವ್ಯಾಟ್ ಆಸುಪಾಸು ತಿನ್ನುತ್ತದೆ, ದಿನಕ್ಕೆ 240 ವ್ಯಾಟ್‌ಅವರ್, ಸರ್ವರ್‌ಗಿಂತ ಹೆಚ್ಚು. 12 ವೋಲ್ಟ್‌ನಿಂದ ನೇರ ಯುಎಸ್‌ಬಿಗೆ ಇಳಿಸುವ ಸಾಧನ ಬಳಸಿ. ಈ ಬಗೆಯ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಬಾರದು.

ವಿಮಾನದಲ್ಲಿ ಹೋಗುವ ತಂಡ ಗಮನಿಸಬೇಕಾದದ್ದು: ಪ್ರಯಾಣಿಕರು ಒಯ್ಯುವ ಬಿಡಿ ಲಿಥಿಯಂ ಬ್ಯಾಟರಿಗೆ 100 ವ್ಯಾಟ್‌ಅವರ್ ಸಾಮಾನ್ಯ ಮಿತಿ, 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ದೊಡ್ಡ ಬ್ಯಾಟರಿ ರಸ್ತೆಯಲ್ಲೋ ಸರಕಾಗಿಯೋ ಬರಬೇಕು. ಅದು ಬರುವವರೆಗೆ ಸರ್ವರ್ ಮತ್ತು ರೌಟರನ್ನು ಕೈಚೀಲದ ಪವರ್ ಬ್ಯಾಂಕ್‌ಗಳ ಮೇಲೆ ನಡೆಸಲು ಬರುವಂತಿರಲಿ. ನಷ್ಟ ಸೇರಿಸಿದರೆ ಇವೆರಡಕ್ಕೇ ದಿನಕ್ಕೆ 100 ವ್ಯಾಟ್‌ಅವರ್‌ನ ಕನಿಷ್ಠ ಮೂರು ಬೇಕು.

ನಮೂನೆ ಎಷ್ಟು ಉದ್ದ

ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಒಂದೆಡೆ ನಿಲ್ಲುವ ಮೊದಲ ದರ್ಜೆಯ ತುರ್ತು ವೈದ್ಯಕೀಯ ತಂಡ ದಿನಕ್ಕೆ ಕನಿಷ್ಠ 100 ಹೊರರೋಗಿಗಳನ್ನು ನೋಡಲು ಶಕ್ತವಾಗಿರಬೇಕು. ನೋಂದಣಿಗೆ ತಲಾ 3 ನಿಮಿಷವಾದರೆ ಒಬ್ಬರಿಗೆ 5 ಗಂಟೆ ಕೆಲಸ. 8 ನಿಮಿಷವಾದರೆ 13 ಗಂಟೆ ದಾಟುತ್ತದೆ, ಆಗ ಜನ ಅದನ್ನು ಬಿಟ್ಟು ಕಾಗದ ಹಿಡಿಯುತ್ತಾರೆ. ಅವರ ತಪ್ಪಲ್ಲ. ಮೊದಲ ಪರದೆಯಲ್ಲಿ ಪಟ್ಟಿ ಸಂಖ್ಯೆ, ಹೆಸರು, ವಯಸ್ಸು, ಲಿಂಗ, ಗರ್ಭಿಣಿಯೇ, ಟ್ರಯೇಜ್ ಬಣ್ಣ (ಯಾರಿಗೆ ಮೊದಲು ಚಿಕಿತ್ಸೆ ಎಂಬ ಗುರುತು), ಔಷಧಿ ಅಲರ್ಜಿ ಇಷ್ಟೇ ಇರಲಿ.

ಅಲರ್ಜಿಗೆ ಮೂರು ಉತ್ತರ ಬೇಕು: ಇದೆ, ಇಲ್ಲ, ಕೇಳಿಲ್ಲ. ಖಾಲಿ ಜಾಗವನ್ನು "ಇಲ್ಲ" ಎಂದು ಓದಿಕೊಳ್ಳುವ ಪರದೆ ಮಾರಕ. ಟ್ರಯೇಜ್ ಬಣ್ಣ ಗಂಟೆಗಂಟೆಗೆ ಬದಲಾಗುತ್ತದೆ, ಹಳೆಯದನ್ನು ಅಳಿಸದೆ ಸಮಯದ ಜೊತೆ ಹೊಸದನ್ನು ಸೇರಿಸುತ್ತಾ ಹೋಗಬೇಕು. ಔಷಧಿಯನ್ನು ತಂಡದ ಪೆಟ್ಟಿಗೆಯಲ್ಲಿ ನಿಜವಾಗಿ ಇರುವ ಔಷಧಿಗಳ ಯಾದಿಯಿಂದಲೇ ಆರಿಸುವಂತಿರಲಿ, ಮಿಲಿಗ್ರಾಂ ಮತ್ತು ಮಿಲಿಲೀಟರ್ ಒಂದೇ ಖಾನೆಯಲ್ಲಿ ಬೆರೆಯಬಾರದು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ತೋಳಿನ ಸುತ್ತಳತೆ 115 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ ಎಂದು ಪರದೆಯೇ ಎಚ್ಚರಿಸಲಿ.

ದಿನದ ಕೊನೆಗೆ ಆರೋಗ್ಯ ಆಡಳಿತಕ್ಕೆ ಕೊಡಬೇಕಾದ ಲೆಕ್ಕ ಕೈಯಿಂದ ಎಣಿಸುವಂತಾಗಬಾರದು. ವಿಶ್ವ ಆರೋಗ್ಯ ಸಂಸ್ಥೆ ತುರ್ತು ತಂಡಗಳಿಗಾಗಿ ಕನಿಷ್ಠ ಮಾಹಿತಿ ಗುಚ್ಛವೊಂದನ್ನು ರೂಪಿಸಿದೆ. 2019ರಲ್ಲಿ ಮೊಜಾಂಬಿಕ್‌ನ ಇಡಾಯ್ ಚಂಡಮಾರುತದ ಹೊತ್ತಿಗೆ ಅದನ್ನು ದೊಡ್ಡ ಪ್ರಮಾಣದಲ್ಲಿ ಬಳಸಲಾಯಿತು. ನಿಮ್ಮ ನಮೂನೆಯ ವಯೋಗುಂಪು, ರೋಗದ ಹೆಸರುಗಳು ಆ ಗುಚ್ಛಕ್ಕೆ ನೇರ ಹೊಂದುವಂತೆ ಮೊದಲೇ ಜೋಡಿಸಿಡಿ. ವರದಿಯಲ್ಲಿ ಬರೀ ಮೊತ್ತಗಳು ಇರುವುದರಿಂದ ಒಂದು ಎಸ್‌ಎಂಎಸ್, ರೇಡಿಯೊ ಮಾತು ಅಥವಾ ಕೈಬರಹದ ಚೀಟಿಯಲ್ಲೂ ಹೋಗುತ್ತದೆ.

ಎರಡು ಪ್ರತಿಗಳು ಸೇರುವಾಗ

ತಿರುಗುವ ತಂಡ ಸಂಜೆ ಮರಳಿ ಸಿಂಕ್ ಮಾಡುವಾಗ ಒಬ್ಬರೇ ರೋಗಿಯ ದಾಖಲೆಯನ್ನು ಇಬ್ಬರು ಬದಲಿಸಿರಬಹುದು. ಕೌಚ್‌ಡಿಬಿ, ಪೌಚ್‌ಡಿಬಿ ಎಂಬ ಡೇಟಾಬೇಸ್ ಜೋಡಿ ಎರಡೂ ಆವೃತ್ತಿಗಳನ್ನು ಉಳಿಸಿಕೊಂಡು ಒಂದನ್ನು ಗೆದ್ದದ್ದೆಂದು ತೋರಿಸುತ್ತದೆ. ಗೆದ್ದದ್ದು ಸರಿಯಾದದ್ದೇ ಎಂದೇನಿಲ್ಲ. ಆ ಆಯ್ಕೆ ವೈದ್ಯಕೀಯ ಅರ್ಥ ನೋಡಿ ಮಾಡಿದ್ದಲ್ಲ. ಸೋತ ಆವೃತ್ತಿಯಲ್ಲಿ ಪೆನಿಸಿಲಿನ್ ಅಲರ್ಜಿ ಇದ್ದರೆ ಅದು ಯಾರ ಕಣ್ಣಿಗೂ ಬೀಳದೆ ಕೆಳಗೆ ಉಳಿದುಬಿಡುತ್ತದೆ.

ಇದಕ್ಕೆ ಮದ್ದು ರಚನೆಯಲ್ಲೇ ಇದೆ. ರೋಗಿಗೊಂದು ದೊಡ್ಡ ದಾಖಲೆ ಇಟ್ಟು ಅದನ್ನೇ ತಿದ್ದುವ ಬದಲು, ಪ್ರತಿ ಘಟನೆಯನ್ನೂ ಬೇರೆ ಚೀಟಿಯಂತೆ ಸೇರಿಸಿ: ಒಂದು ಡೋಸ್, ಒಂದು ರಕ್ತದೊತ್ತಡ, ಒಂದು ಟಿಪ್ಪಣಿ. ಪ್ರತಿ ಚೀಟಿಗೂ ಟ್ಯಾಬ್ಲೆಟ್ ತಾನೇ ಹುಟ್ಟಿಸುವ 128 ಬಿಟ್‌ನ ಯುಯುಐಡಿ, ಅಂದರೆ ಇನ್ನೊಂದಕ್ಕೆ ಹೊಂದದ ಒಳಗುರುತು. ತಪ್ಪಾದರೆ ಅಳಿಸದೆ "ಇದು ತಪ್ಪು" ಎಂಬ ಇನ್ನೊಂದು ಚೀಟಿ. ಆಗ ಸಿಂಕ್ ಎಂದರೆ ಎರಡು ರಾಶಿಗಳನ್ನು ಒಂದು ಮಾಡುವುದಷ್ಟೇ. ಅಲರ್ಜಿಗಳು ಎರಡೂ ಕಡೆಯವು ಕೂಡಿಕೊಳ್ಳಬೇಕು, ಯಾವುದೂ ಬೀಳಬಾರದು. ಚೀಟಿಯಲ್ಲಿ ಎರಡು ಸಮಯ ಇರಲಿ, ಘಟನೆ ನಡೆದದ್ದು ಮತ್ತು ದಾಖಲಿಸಿದ್ದು.

ಒಬ್ಬರಿಗೇ ಎರಡು ಪಟ್ಟಿ ಬಿದ್ದದ್ದು ಗೊತ್ತಾದರೆ ಯಂತ್ರ ತಾನಾಗಿ ಕೂಡಿಸಬಾರದು. ಮನುಷ್ಯರು ನೋಡಿ, ಮತ್ತೆ ಬಿಡಿಸಲು ಬರುವಂತೆ ಕೊಂಡಿ ಹಾಕಲಿ. ಒಬ್ಬರಿಗೆ ಎರಡು ದಾಖಲೆ ಇರುವುದು ತೊಂದರೆ, ಇಬ್ಬರಿಗೆ ಒಂದೇ ದಾಖಲೆ ಆಗುವುದು ಅನಾಹುತ.

ಕಾಗದ ಮತ್ತು ಬ್ಯಾಕಪ್

ಪರದೆಯ ಖಾನೆಗಳದೇ ಕ್ರಮದಲ್ಲಿ ಮುದ್ರಿಸಿದ ಕಾಗದದ ನಮೂನೆ, ಕ್ರಮಸಂಖ್ಯೆ ಹಾಕಿದ್ದು, ಕನಿಷ್ಠ ಎರಡು ದಿನಕ್ಕಾಗುವಷ್ಟು ನೋಂದಣಿ ಮೇಜಿನ ಮೇಲೆಯೇ ಇರಬೇಕು. ನಿಯಮ ಸರಳ: ಯಂತ್ರ 5 ನಿಮಿಷದೊಳಗೆ ಏಳದಿದ್ದರೆ ಕಾಗದ. ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಆಮೇಲೆ ಏರಿಸುವಾಗ ಕಾಗದದ ಕ್ರಮಸಂಖ್ಯೆಗಳನ್ನು ತಾಳೆ ನೋಡಿದರೆ ಬಿಟ್ಟುಹೋದ ಹಾಳೆ ಸಿಗುತ್ತದೆ.

ಗಂಟೆಗೊಮ್ಮೆ ಸರ್ವರ್ ತಾನಾಗಿ ಎರಡನೇ ಡಿಸ್ಕಿಗೆ ಪ್ರತಿ ತೆಗೆಯಲಿ. ಪಾಳಿ ಬದಲಾಗುವಾಗ ಗೂಢಲಿಪಿ ಹಾಕಿದ ಎರಡು ಪೆನ್‌ಡ್ರೈವ್‌ಗಳನ್ನು ಸರದಿಯಂತೆ ಬಳಸಿ, ಒಂದು ಯಾವಾಗಲೂ ಡೇರೆಯಿಂದ ಹೊರಗೆ ತಂಡದ ಮುಖ್ಯಸ್ಥರ ಬಳಿ ಇರಲಿ. ಬೆಂಕಿಯೋ ನೀರೋ ಬಂದರೆ ಸರ್ವರ್ ಪಕ್ಕದಲ್ಲೇ ಇದ್ದ ಬ್ಯಾಕಪ್ ಅದರ ಜೊತೆಗೇ ಹೋಗುತ್ತದೆ. ತೆಗೆದ ಪ್ರತಿಯನ್ನು ಬದಲಿ ಯಂತ್ರದಲ್ಲಿ ತೆರೆದು, ಇವತ್ತು ಬೆಳಗ್ಗೆಯ ಒಬ್ಬ ರೋಗಿಯ ದಾಖಲೆ ಸಿಗುತ್ತದೆಯೇ ಎಂದು ಎರಡು ದಿನಕ್ಕೊಮ್ಮೆ ನೋಡಿ. ಹಾಗೆ ತೆರೆದು ನೋಡದ ಪ್ರತಿಯನ್ನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಬೀಗ, ಮತ್ತು ಶಿಬಿರ ಕೀಳುವ ದಿನ

ಪ್ರತಿಯೊಬ್ಬರಿಗೂ ಬೇರೆ ಪಿನ್, ಇಡೀ ಪಾಳಿಗೆ ಒಂದೇ ಪಾಸ್‌ವರ್ಡ್ ಬೇಡ. ಡೋಸ್ ಯಾರು ಕೊಟ್ಟರು ಎಂಬುದು ಮುಂದಿನವರಿಗೆ ಗೊತ್ತಾಗಬೇಕು. ಎರಡು ಮೂರು ನಿಮಿಷಕ್ಕೆ ಪರದೆ ಮುಚ್ಚಲಿ, ಪಿನ್ ಹಾಕಿದರೆ ಅದೇ ರೋಗಿಯ ಅದೇ ಪುಟಕ್ಕೆ ಮರಳಲಿ. ಸರ್ವರ್ ಡಿಸ್ಕ್ ಗೂಢಲಿಪಿಯಲ್ಲಿದ್ದರೆ ಪ್ರತಿ ಸಲ ಹಚ್ಚುವಾಗ ಯಾರಾದರೂ ಗುಪ್ತಪದ ಒತ್ತಬೇಕಾಗುತ್ತದೆ. ನಡುರಾತ್ರಿ ಅದು ತಿಳಿದವರು ನಿದ್ದೆಯಲ್ಲಿದ್ದರೆ ಕೆಲಸ ನಿಲ್ಲುತ್ತದೆ, ಆದ್ದರಿಂದ ಪ್ರತಿ ಪಾಳಿಯಲ್ಲೂ ಒಬ್ಬರಿಗೆ ಗೊತ್ತಿರಲಿ, ಮುಚ್ಚಿದ ಲಕೋಟೆಯಲ್ಲಿ ಒಂದು ಪ್ರತಿ ಇರಲಿ. ಹಿಂಸಾಚಾರದಲ್ಲಿ ಗಾಯಗೊಂಡವರ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಟಿಪ್ಪಣಿ ಚಿಕಿತ್ಸೆ ನೀಡುವವರಿಗೆ ಮಾತ್ರ ಕಾಣಬೇಕು.

ಶಿಬಿರ ಮುಚ್ಚುವ ಮೂರು ದಿನ ಮೊದಲೇ ಹಸ್ತಾಂತರ ಶುರುವಾಗಲಿ. ಚಿಕಿತ್ಸೆ ಮುಂದುವರಿಯಬೇಕಾದ ಪ್ರತಿ ರೋಗಿಗೂ ಒಂದು ಪುಟದ ಸಾರಾಂಶ, ಅವರ ಭಾಷೆಯಲ್ಲೂ ಮುಂದಿನ ವೈದ್ಯರಿಗೆ ಅರ್ಥವಾಗುವ ಭಾಷೆಯಲ್ಲೂ, ಕಾಗದದ ಮೇಲೆ ಮುದ್ರಿಸಿ ಕೈಗೆ ಕೊಡಿ. ರೋಗನಿರ್ಣಯ, ಮಾಡಿದ ಶಸ್ತ್ರಚಿಕಿತ್ಸೆ, ದೇಹದೊಳಗೆ ಉಳಿಸಿದ ರಾಡು ಅಥವಾ ಪಿನ್ನು ಯಾವಾಗ ತೆಗೆಯಬೇಕು, ನಡೆಯುತ್ತಿರುವ ಔಷಧಿ, ಧನುರ್ವಾಯು ಲಸಿಕೆಯ ತಾರೀಖು. ಪೂರ್ತಿ ಮಾಹಿತಿ ಆ ಜಾಗದ ಆರೋಗ್ಯ ಇಲಾಖೆಗೆ ಒಪ್ಪಂದದಂತೆ ಸೇರಬೇಕು. ಬೇರೆ ತಂತ್ರಾಂಶವೂ ಓದಬಲ್ಲ ಎಫ್‌ಎಚ್‌ಐಆರ್ ರೂಪದಲ್ಲಿ ಒಂದು, ಕಣ್ಣಿಂದ ಓದಬಲ್ಲ ಪಿಡಿಎಫ್ ರೂಪದಲ್ಲಿ ಒಂದು. ಅವರು ತೆರೆದು ನೋಡಿ ಸರಿಯಿದೆ ಎಂದು ಬರೆದುಕೊಟ್ಟ ಮೇಲೆ ಟ್ಯಾಬ್ಲೆಟ್‌ಗಳನ್ನು ಕಾರ್ಖಾನೆಯ ಸ್ಥಿತಿಗೆ ತಂದು, ಸರ್ವರ್ ಡಿಸ್ಕಿನ ಗೂಢಲಿಪಿ ಕೀಲಿ ಅಳಿಸಿ, ಪೆನ್‌ಡ್ರೈವ್‌ಗಳನ್ನು ಒಂದೊಂದಾಗಿ ಎಣಿಸಿ ಅಳಿಸಿ. ಬಳಸದೆ ಉಳಿದ ಕೈಪಟ್ಟಿಗಳ ಮೊದಲ ಮತ್ತು ಕೊನೆಯ ಸಂಖ್ಯೆ ಬರೆದಿಟ್ಟು ಸುರುಳಿಯನ್ನು ಕತ್ತರಿಸಿಹಾಕಿ. ಮುಂದಿನ ಶಿಬಿರಕ್ಕೆ ಹೊಸ ಸಂಖ್ಯೆಯ ಹೊಸ ಸುರುಳಿ ಬೇಕು.